ಹರ್ಗಿಲಾ ಹಕ್ಕಿಯ ಸೀಮಂತ

ನಮ್ಮ ಪ್ರಾಚೀನ ಕಾವ್ಯಗಳನ್ನು ಓದಿಕೊಂಡು ಬಂದವರಿಗೆ ಹಕ್ಕಿಗಳ ಒಂದು ಸಣ್ಣ ಬಳಗ ಚಿರಪರಿಚಿತವಾದದ್ದು. ಹಂಸೆ, ಗಿಳಿ, ಕೋಗಿಲೆ, ನವಿಲು, ಚಕೋರ, ಚಾತಕ, ಚಕ್ರವಾಕ ಇವುಗಳಿಗೆ ಕವಿಯ ಆಸ್ಥಾನದಲ್ಲಿ ಶಾಶ್ವತವಾದ ಪೀಠವುಂಟು. ಹದ್ದು, ಕಾಗೆ, ಗೂಗೆಗಳು ಕಾವ್ಯಕ್ಕೆ ಬಾರದೆ ಇಲ್ಲ. ಆದರೆ ಅವು ಬರುವುದು ಯುದ್ಧ ಮುಗಿದ ಮೇಲೆ ರಣರಂಗದ ವರ್ಣನೆಗೆ, ಇಲ್ಲವೆ ಸ್ಮಶಾನದ ವರ್ಣನೆಗೆ. ಜಟಾಯು ಇದಕ್ಕೆ ಅಪವಾದ. ರಾಮನು ಅವನನ್ನು ತಂದೆಯ ಗೆಳೆಯನೆಂದು ತಿಳಿದು ಮಗನು ಮಾಡುವಂತೆ ಅಂತ್ಯಸಂಸ್ಕಾರ ಮಾಡಿದ. ಹದ್ದಿಗೂ ಬಂಧುತ್ವ ಸಲ್ಲುತ್ತದೆ ಎಂದು ಆದಿಕವಿ ತೋರಿಸಿದ್ದಾನೆ, ನಿಜ. ಆದರೆ ಆ ಸಂಸ್ಕಾರ ದೊರೆತದ್ದು ಸಾವಿನಲ್ಲಿ.

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕಾಲೇಜಿನಲ್ಲಿ ಈ ವರ್ಣನೆಗಳನ್ನು ಪಾಠ ಹೇಳಿದವನು ನಾನು. ಚೆಲುವಿಲ್ಲದ, ಕಂಠಮಾಧುರ್ಯವಿಲ್ಲದ, ಕೊಳೆತ ಮಾಂಸ ತಿಂದು ಬದುಕುವ ಹಕ್ಕಿಯೊಂದಕ್ಕೆ ಮನೆಯಂಗಳದಲ್ಲಿ, ಅದು ಬದುಕಿರುವಾಗಲೇ, ಮಂಗಳ ಸಂಸ್ಕಾರ ನಡೆದೀತೆ? ಈ ಪ್ರಶ್ನೆಗೆ ಉತ್ತರವನ್ನು ಕೊಟ್ಟವರು ಅಸ್ಸಾಮಿನ ಕೆಲವು ಹಳ್ಳಿಗಳ ಹೆಣ್ಣುಮಕ್ಕಳು. ಅವರ ವಿಚಾರವನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಹಕ್ಕಿಯ ಹೆಸರು ಹರ್ಗಿಲಾ. ಕೊಕ್ಕರೆಯ ಕುಲಕ್ಕೆ ಸೇರಿದ್ದು. ಹೆಸರಿನ ಮೊದಲ ಭಾಗಕ್ಕೆ ಅಸ್ಸಾಮಿ ಭಾಷೆಯಲ್ಲಿ ಎಲುಬು ಎಂದರ್ಥ. ಎರಡನೆಯ ಭಾಗಕ್ಕೆ ನುಂಗುವುದು ಎಂದರ್ಥ. ನಮ್ಮ ‘ತಿಮಿಂಗಿಲ’ದ ಕೊನೆಯಲ್ಲಿರುವುದೂ ಇದೇ ಧಾತುವೆ. ತಿಮಿಯೆಂಬ ಮೀನನ್ನು ನುಂಗುವುದು ತಿಮಿಂಗಿಲವಾದರೆ ಎಲುಬನ್ನು ನುಂಗುವುದು ಹರ್ಗಿಲಾ. ನಿಂತರೆ ಸುಮಾರು 5 ಅಡಿ ಎತ್ತರ, ರೆಕ್ಕೆ ಬಿಚ್ಚಿದರೆ 8 ಅಡಿ ಅಗಲ. ತಲೆ ಮತ್ತು ಕತ್ತು ಬಹುಮಟ್ಟಿಗೆ ಬೋಳು. ಕತ್ತಿನಿಂದ ಕೆಂಬಣ್ಣದ ಚೀಲವೊಂದು ಜೋಲುತ್ತಿರುತ್ತದೆ. ಕೊಕ್ಕನ್ನು ಪಟಪಟನೆ ಬಡಿಯುವುದೇ ಅದರ ಮುಖ್ಯ ಮಾತು. ಮೀನು, ಕಪ್ಪೆ, ಹಾವು, ಇಲಿ, ಸತ್ತ ದನದ ಮಾಂಸ ಎಲ್ಲವೂ ಅದಕ್ಕೆ ಆಹಾರ. ಊರಿನ ಹೊಲಸನ್ನು ತಿಂದು ಊರನ್ನು ಚೊಕ್ಕಟವಾಗಿಡುವ ಹಕ್ಕಿ ಎಂದರೆ ಅದರ ಉಪಕಾರವನ್ನು ಹೇಳಿದಂತಾಗುತ್ತದೆ. ಅಸಹ್ಯದ ಕಾರಣವನ್ನೂ ಹೇಳಿದಂತಾಗುತ್ತದೆ.

ಈ ಹಕ್ಕಿಗೆ ರಾಜಮರ್ಯಾದೆ ದೊರೆತ ಕಾಲವೂ ಒಂದಿತ್ತು. 19ನೆಯ ಶತಮಾನದ ಕಲ್ಕತ್ತೆಯಲ್ಲಿ ಹರ್ಗಿಲಾಗಳು ದೊಡ್ಡ ಕಟ್ಟಡಗಳ ಮೇಲೆ ಸಾಲುಗಟ್ಟಿ ಕುಳಿತಿರುತ್ತಿದ್ದವು. ಬಿಗುವಿನಿಂದ ಹೆಜ್ಜೆಯಿಡುವ ಅವುಗಳ ನಡಿಗೆಯನ್ನು ಕಂಡು ಆಂಗ್ಲರು ಸೈನ್ಯದ ಅಧಿಕಾರಿಯೊಬ್ಬನ ಪದವಿಯಿಂದಲೇ ಅವುಗಳನ್ನು ‘ಅಡ್ಜುಟೆಂಟ್’ ಎಂದು ಕರೆದರು. ನಗರದ ಕಸವನ್ನು ತಿಂದು ತೀರಿಸುತ್ತಿದ್ದುದರಿಂದ ಅವುಗಳಿಗೆ ರಕ್ಷಣೆಯಿತ್ತು. ನಗರಸಭೆಯ ಲಾಂಛನದಲ್ಲಿಯೇ ಎರಡು ಹರ್ಗಿಲಾಗಳು ನಿಂತಿದ್ದವು. ಇಷ್ಟಾದರೂ 20ನೆಯ ಶತಮಾನ ಬಹಳ ದೂರ ಸಾಗುವ ಮೊದಲೇ ಕಲ್ಕತ್ತೆಯಿಂದ ಅವು ಮರೆಯಾದವು. ನಗರದ ನೈರ್ಮಲ್ಯ ಸುಧಾರಿಸಿತು, ಆಹಾರ ತಪ್ಪಿತು. ದೂರದಲ್ಲಿ ಅವು ಗೂಡು ಕಟ್ಟುತ್ತಿದ್ದ ತಾಣಗಳೂ ಹಾಳಾದವು. ಉಪಯೋಗವನ್ನೇ ಆಧಾರವಾಗಿಟ್ಟುಕೊಂಡ ಆದರ ಉಪಯೋಗ ತೀರಿದೊಡನೆ ತೀರಿಹೋಗುತ್ತದೆ. ಲಾಂಛನದಲ್ಲಿ ಚಿತ್ರ ಉಳಿಯಿತು, ಆಕಾಶದಲ್ಲಿ ಹಕ್ಕಿ ಉಳಿಯಲಿಲ್ಲ.

ಉತ್ತರ ಭಾರತದಲ್ಲೆಲ್ಲ ಹರಡಿಕೊಂಡಿದ್ದ ಈ ಹಕ್ಕಿ ಕೊನೆಗೆ ಗೂಡು ಕಟ್ಟುವುದಕ್ಕೆ ಉಳಿಸಿಕೊಂಡದ್ದು ಮೂರೇ ಸೀಮೆಗಳನ್ನು: ಅಸ್ಸಾಮು, ಬಿಹಾರದ ಭಾಗಲ್ಪುರದ ಸುತ್ತಿನ ಪ್ರದೇಶ, ಮತ್ತು ದೂರದ ಕಾಂಬೋಡಿಯ. ಅಸ್ಸಾಮಿನಲ್ಲಿ ಅದು ಗೂಡು ಕಟ್ಟುವುದು ಮೀಸಲು ಅರಣ್ಯದಲ್ಲಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಬ್ರಹ್ಮಪುತ್ರಾ ಬಯಲಿನ ಹಳ್ಳಿಗಳಲ್ಲಿ, ಮನೆಗಳ ಹಿತ್ತಿಲಿನಲ್ಲಿ ಬೆಳೆದ ಎತ್ತರವಾದ ಕದಂಬ, ಬೂರುಗ ಮೊದಲಾದ ಮರಗಳ ಮೇಲೆ ಅದರ ಸಂಸಾರ. ಕದಂಬವೆಂದೊಡನೆ ಕನ್ನಡಿಗರಿಗೆ ಬನವಾಸಿ ನೆನಪಾಗದೆ ಇರದು. ಮನೆಯ ಬಳಿ ಬೆಳೆದ ಕದಂಬ ವೃಕ್ಷವನ್ನು ಆದರಿಸಿ ಪೋಷಿಸಿದ್ದರಿಂದ ಆ ವಂಶಕ್ಕೆ ಆ ಹೆಸರು ಬಂದಿತೆಂದು ತಾಳಗುಂದದ ಶಾಸನ ಹೇಳುತ್ತದೆ. ಮನೆಯ ಮರ ಮನೆತನದ ಹೆಸರಾಗುವ ಸಂಸ್ಕೃತಿ ನಮ್ಮದು.

ಆದರೆ ಹಿತ್ತಿಲ ಮರದಲ್ಲಿ ಹರ್ಗಿಲಾ ಸಂಸಾರ ಹೂಡಿದರೆ ಮನೆಯವರ ಪಾಡೇನು? ಶರತ್ಕಾಲದ ಹೊತ್ತಿಗೆ ಗೂಡಿನ ಕೆಲಸ ಮೊದಲಾಗುತ್ತದೆ. ಮೊಟ್ಟೆಗೆ ಕಾವು ಕೊಡುವುದಕ್ಕೆ ತಿಂಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ; ಮರಿ ಬೆಳೆದು ಹಾರುವುದಕ್ಕೆ ಮತ್ತೆ ಹಲವು ತಿಂಗಳುಗಳು ಬೇಕು. ಅಷ್ಟು ದಿನವೂ ಮರದ ಕೆಳಗೆ ಹಿಕ್ಕೆಯ ಮಳೆ. ಮರಿಗಳಿಗೆ ತಂದ ಮಾಂಸದ ತುಣುಕು, ಅರ್ಧ ತಿಂದ ಎಲುಬು, ಕೊಳೆತ ಮೀನು ಅಂಗಳಕ್ಕೆ ಬೀಳುತ್ತವೆ. ದುರ್ವಾಸನೆಯಂತೂ ಸರಿಯೆ. ಹಕ್ಕಿ ಅಪಶಕುನವೆಂಬ ನಂಬಿಕೆ ಇದರ ಮೇಲೆ ಬೇರೆ. ಮನೆಯವರು ಕೊಡಲಿಯನ್ನು ಕೈಗೆತ್ತಿಕೊಂಡರೆ ಅದನ್ನು ಕ್ರೌರ್ಯವೆಂದಷ್ಟೇ ಕರೆದು ಸುಮ್ಮನಾಗುವುದು ನ್ಯಾಯವಲ್ಲ. ಮರದ ಯಜಮಾನ ಗಂಡಸಿರಬಹುದು. ಆ ಅಂಗಳವನ್ನು ದಿನ ಬೆಳಗಾದರೆ ಗುಡಿಸಿ ಸಾರಿಸುವವಳು ಯಾರು? ಹಕ್ಕಿಯ ವಿರುದ್ಧದ ದೂರು ಮೊದಲು ಹುಟ್ಟುವುದು ಪೊರಕೆ ಹಿಡಿದ ಕೈಯಲ್ಲಿ. ಆದ್ದರಿಂದ ಹಕ್ಕಿ ಉಳಿಯಬೇಕಾದರೆ ಆ ಕೈಯೇ ಮನಸ್ಸು ಮಾಡಬೇಕಾಗಿತ್ತು. ಈ ಸಣ್ಣ ಮಾತನ್ನು ಅರಿಯದ ಯೋಜನೆಗಳು ಎಷ್ಟೇ ದೊಡ್ಡವಾದರೂ ಅಂಗಳದ ಹೊರಗೇ ನಿಲ್ಲುತ್ತವೆ.

ಇದನ್ನು ಅರಿತವರು ಪೂರ್ಣಿಮಾ ದೇವಿ ಬರ್ಮನ್. ಬ್ರಹ್ಮಪುತ್ರೆಯ ಸೀಮೆಯಲ್ಲಿ, ಕೃಷಿಕಳಾದ ಅಜ್ಜಿಯ ಆಶ್ರಯದಲ್ಲಿ ಬೆಳೆದವರು. ಗದ್ದೆಗಳಲ್ಲಿ, ಜೌಗುನೆಲಗಳಲ್ಲಿ ಹಕ್ಕಿಗಳನ್ನು ಗುರುತಿಸುವ ಮೊದಲ ಪಾಠ ಅವರಿಗೆ ದೊರೆತದ್ದು ಆ ಅಜ್ಜಿಯಿಂದ. ಮುಂದೆ ಪ್ರಾಣಿಶಾಸ್ತ್ರ ಓದಿ, ಗುವಾಹಾಟಿಯ ‘ಆರಣ್ಯಕ’ ಎಂಬ ಸಂಸ್ಥೆಯೊಡನೆ ದುಡಿಯುತ್ತ, ಹರ್ಗಿಲಾವನ್ನು ಕುರಿತು ಡಾಕ್ಟರೇಟ್ ಪದವಿಗಾಗಿ ಸಂಶೋಧನೆ ಕೈಗೊಂಡರು. 2007ರಲ್ಲಿ ಕಾಮರೂಪ ಜಿಲ್ಲೆಯ ದದರಾ ಎಂಬ ಹಳ್ಳಿಯಲ್ಲಿ ಗೂಡುಗಳಿದ್ದ ಕದಂಬ ಮರವೊಂದನ್ನು ಮನೆಯವರು ಕಡಿದುರುಳಿಸಿದ್ದನ್ನೂ ಮರಿಗಳು ನೆಲಕ್ಕೆ ಬಿದ್ದದ್ದನ್ನೂ ಅವರು ಕಂಡರು. ತಡೆಯಲು ಹೋದವರನ್ನು ಸುತ್ತ ನೆರೆದವರು ಹಾಸ್ಯ ಮಾಡಿದರು. ಅಷ್ಟು ಮಮತೆಯಿದ್ದರೆ ನೀನೇ ಬಂದು ನಮ್ಮ ಅಂಗಳ ಗುಡಿಸು ಎಂಬ ಧಾಟಿಯಲ್ಲಿ ಮಾತು ಬಂದಿತು. ಆಗ ಅವರು ಅವಳಿ ಹೆಣ್ಣುಕೂಸುಗಳ ತಾಯಿ. ಪ್ರಬಂಧವನ್ನು ಪಕ್ಕಕ್ಕಿಟ್ಟು ಹಳ್ಳಿಯ ಕೆಲಸಕ್ಕೆ ನಿಂತರು. ಡಾಕ್ಟರೇಟ್ ಕೈಗೆ ಬಂದದ್ದು 2019ರಲ್ಲಿ. ಒಂದು ಪ್ರಬಂಧ ಎಷ್ಟೋ ವರ್ಷ ತಡವಾದದ್ದರಿಂದ ಲೋಕಕ್ಕೆ ಲಾಭವಾದ ಉದಾಹರಣೆ ನನ್ನ ಅಧ್ಯಾಪಕ ಜೀವನದಲ್ಲಿ ಇನ್ನೊಂದು ಕಾಣೆ.

ಅವರು ಮಾಡಿದ್ದಾದರೂ ಏನು? ಭಾಷಣದಿಂದ ಮೊದಲು ಮಾಡಲಿಲ್ಲ. ಪಿಠಾ ಎಂಬ ಅಕ್ಕಿಹಿಟ್ಟಿನ ತಿಂಡಿ ಅಸ್ಸಾಮಿನ ಮನೆಮನೆಯಲ್ಲಿ ಹಬ್ಬಕ್ಕೆ ಮಾಡುವಂಥದು. ಅಂಥ ಅಡುಗೆಯ ಸ್ಪರ್ಧೆಗಳಿಗೆ ಹೆಂಗಸರನ್ನು ಕರೆದರು. ತಿಂಡಿಯ ನಡುವೆ ಹಕ್ಕಿಯ ಮಾತು ಬಂದಿತು. ಮರದ ಒಡೆಯರನ್ನು ಸಭೆಗೆ ಕರೆದು ಎಲ್ಲರೆದುರಿಗೆ ಸನ್ಮಾನಿಸಿದರು. ಬೀಳುವ ಮರಿಗಳಿಗೆ ಪೆಟ್ಟಾಗದಂತೆ ಮರದ ಕೆಳಗೆ ಬಲೆ ಕಟ್ಟುವ ಏರ್ಪಾಡಾಯಿತು. ಗಾಯಗೊಂಡ ಮರಿಗಳನ್ನು ಗುವಾಹಾಟಿಯ ಪ್ರಾಣಿಸಂಗ್ರಹಾಲಯಕ್ಕೆ ಒಯ್ದು ಆರೈಕೆ ಮಾಡಿ ಮರಳಿ ಬಿಡುವುದು ಆರಂಭವಾಯಿತು. ಅಸ್ಸಾಮಿನಲ್ಲಿ ಹೆಂಗಸರು ಕೂಡಿ ಕುಳಿತು ದೇವರ ನಾಮ ಹಾಡುವ ಪದ್ಧತಿ ಗಟ್ಟಿಯಾಗಿದೆ. ಆ ಹಾಡುಗಾರಿಕೆಯಲ್ಲಿ ಹರ್ಗಿಲೆಗೂ ಜಾಗ ದೊರೆಯಿತು. ಜನ ಪೂರ್ಣಿಮಾ ಅವರನ್ನು ‘ಹರ್ಗಿಲಾ ಬಾಯ್ದೇವು’ ಎಂದು ಕರೆಯತೊಡಗಿದರು. ಬಾಯ್ದೇವು ಎಂದರೆ ಅಕ್ಕ. ಅಪಶಕುನದ ಹಕ್ಕಿಯ ಹೆಸರಿನ ಜೊತೆಗೆ ಅಕ್ಕ ಎಂಬ ಪದ ಕೂಡಿಕೊಂಡದ್ದು ಸಾಮಾನ್ಯ ಸಂಗತಿಯಲ್ಲ.

ಇವೆಲ್ಲಕ್ಕೂ ಕಳಶವಿಟ್ಟಂತಿರುವುದು ಪಂಚಾಮೃತದ ಶಾಸ್ತ್ರ. ಪಂಚಾಮೃತವೆಂದರೆ ನಮಗೆ ಅಭಿಷೇಕ ನೆನಪಾಗುತ್ತದೆ. ಅಸ್ಸಾಮಿನಲ್ಲಿ ಅದು ಬಸುರಿ ಹೆಂಗಸಿಗೆ ನಡೆಸುವ ಮಂಗಳಕಾರ್ಯದ ಹೆಸರು ಕೂಡ; ನಮ್ಮ ಸೀಮಂತಕ್ಕೆ ಸಮಾನವಾದದ್ದು. ಗೂಡು ಕಟ್ಟುವ ಕಾಲ ಬಂದಾಗ ಈ ಹಳ್ಳಿಗಳ ಹೆಂಗಸರು ಹರ್ಗಿಲೆಗೆ ಅದೇ ಶಾಸ್ತ್ರವನ್ನು ಮಾಡಲು ತೊಡಗಿದರು. ಹಾಡು ಹಾಡಿದರು, ಹಕ್ಕಿಗೆ ಸುಖಪ್ರಸವವಾಗಲಿ ಎಂದು ಹರಸಿದರು.

ಇದನ್ನು ಒಂದು ಚಮತ್ಕಾರವೆಂದು ನಕ್ಕು ಬಿಡುವುದು ಸುಲಭ. ಸ್ವಲ್ಪ ಯೋಚಿಸಿ ನೋಡೋಣ. ಶಾಸ್ತ್ರವೆಂಬುದು ವ್ಯಕ್ತಿಯ ಸ್ಥಾನವನ್ನು ಬದಲಿಸುವ ಸಾಧನ. ತಾಳಿ ಕಟ್ಟಿದ ಗಳಿಗೆಯಲ್ಲಿ ಅಪರಿಚಿತೆಯೊಬ್ಬಳು ಮನೆಯ ಸೊಸೆಯಾಗುತ್ತಾಳೆ. ಹೆಸರಿಟ್ಟ ಗಳಿಗೆಯಲ್ಲಿ ಕೂಸು ಕುಲದ ಕುಡಿಯಾಗುತ್ತದೆ. ಸೀಮಂತವಾದವಳು ಊರಿಗೆಲ್ಲ ಬೇಕಾದವಳು. ಅವಳ ಬಯಕೆ ತೀರಿಸುವುದು ಎಲ್ಲರ ಕರ್ತವ್ಯ, ಅವಳ ಮನ ನೋಯಿಸುವುದು ಪಾಪ. ಹರ್ಗಿಲೆಗೆ ಸೀಮಂತ ಮಾಡಿದ ಮೇಲೆ ಅದರ ಮರಕ್ಕೆ ಕೊಡಲಿ ಹಾಕುವುದು ಬಸುರಿಯ ಮನೆಗೆ ಬೆಂಕಿಯಿಟ್ಟಂತೆ. ಸರಕಾರದ ಸುತ್ತೋಲೆ ಹತ್ತು ವರ್ಷಗಳಲ್ಲಿ ಮಾಡಲಾರದ್ದನ್ನು ಒಂದು ಆರತಿಯ ತಟ್ಟೆ ಒಂದು ಸಂಜೆಯಲ್ಲಿ ಮಾಡಬಲ್ಲದು. ಮದುವೆ ಮುಂಜಿಗಳಿಗೆ ಪುರೋಹಿತರು ಬೇಕು. ಬಸುರಿ ಬಾಣಂತಿಯರ ಆರತಿ ಅಕ್ಷತೆಗಳಲ್ಲಾದರೋ ಹೆಂಗಸರದೇ ಮೇಲುಗೈ. ಆ ಅಧಿಕಾರವನ್ನು ಈ ತಾಯಂದಿರು ಯಾರ ಅಪ್ಪಣೆಯನ್ನೂ ಕೇಳದೆ ಒಂದು ಹಕ್ಕಿಯವರೆಗೆ ವಿಸ್ತರಿಸಿದರು.

ಇಲ್ಲಿಯೇ ಇನ್ನೊಂದು ವಿವೇಚನೆಯೂ ಅಗತ್ಯ. ಸ್ಥಳೀಯ ಸಂಸ್ಕೃತಿ ಪ್ರಕೃತಿಯನ್ನು ಕಾಪಾಡುತ್ತದೆ ಎಂಬ ಮಾತನ್ನು ನಾವು ಈಚೆಗೆ ಬಹಳ ಕೇಳುತ್ತೇವೆ. ಆದರೆ ಹರ್ಗಿಲೆಯನ್ನು ಅಪಶಕುನವೆಂದು ಕರೆದದ್ದೂ ಸ್ಥಳೀಯ ಸಂಸ್ಕೃತಿಯೇ ಅಲ್ಲವೆ? ಪಂಚಾಮೃತವೂ ಅಪಶಕುನವೂ ಒಂದೇ ಮನೆಯಲ್ಲಿದ್ದವು. ಸಂಸ್ಕೃತಿಯೆಂಬುದು ನೆಲಮಾಳಿಗೆಯಲ್ಲಿ ಹೂತಿಟ್ಟ ನಿಧಿಯಲ್ಲ. ಅದು ದಿನವೂ ಆರಿಸಿ ಕೇರಿ ಬಳಸಬೇಕಾದ ಧಾನ್ಯ. ಈ ಹೆಂಗಸರು ಮೊರದಲ್ಲಿ ಕೇರಿದರು. ಭಯವನ್ನು ತೂರಿದರು, ಬಂಧುತ್ವವನ್ನು ಉಳಿಸಿಕೊಂಡರು. ಸಂಪ್ರದಾಯವನ್ನು ಪಾಲಿಸಿದರೆಂದು ಅವರನ್ನು ಹೊಗಳುವುದು ಅರ್ಧ ಸತ್ಯ. ಸಂಪ್ರದಾಯದೊಳಗಿದ್ದುಕೊಂಡೇ ಅದನ್ನು ತಿದ್ದಿದರು ಎಂಬುದು ಪೂರ್ಣ ಸತ್ಯ.

ಬಂಧುತ್ವದಿಂದ ಹೊಟ್ಟೆ ತುಂಬುವುದಿಲ್ಲ. ಪೂರ್ಣಿಮಾ ಇದನ್ನೂ ಮರೆಯಲಿಲ್ಲ. ಅಸ್ಸಾಮು ನೇಯ್ಗೆಯ ನಾಡು. ಕೆಂಪು ಅಂಚಿನ ಬಿಳಿಯ ವಸ್ತ್ರವಾದ ಗಾಮೋಸಾ ಅಲ್ಲಿ ಅತಿಥಿಗೆ ಕೊಡುವ ಗೌರವ, ಬಿಹು ಹಬ್ಬದ ಉಡುಗೊರೆ. ಹೆಂಗಸರಿಗೆ ಮಗ್ಗ, ನೂಲುಗಳು ದೊರೆಯುವಂತೆ ಮಾಡಿ, ಗಾಮೋಸಾದಲ್ಲಿಯೂ ತಾವು ಉಡುವ ಮೇಖಲಾ ಚಾದರಿನಲ್ಲಿಯೂ ಹರ್ಗಿಲೆಯ ಚಿತ್ತಾರ ತೆಗೆಯುವುದನ್ನು ರೂಢಿಗೆ ತಂದರು. ಆ ಬಟ್ಟೆಯ ಮಾರಾಟದಿಂದ ಮನೆಗೆ ನಾಲ್ಕು ಕಾಸು ಬಂದಿತು. ಕಲ್ಕತ್ತೆಯ ಲಾಂಛನದಲ್ಲಿದ್ದ ಹಕ್ಕಿಗೂ ಕಾಮರೂಪದ ಸೆರಗಿನ ಮೇಲಿರುವ ಹಕ್ಕಿಗೂ ಇರುವ ವ್ಯತ್ಯಾಸವನ್ನು ನೋಡಿ. ಒಂದು ಅಧಿಕಾರದ ಮುದ್ರೆ. ಇನ್ನೊಂದನ್ನು ನೇಯ್ದವಳು ಅದರ ಗೂಡನ್ನು ದಿನವೂ ತಲೆಯೆತ್ತಿ ನೋಡುವವಳು.

ಫಲವೇನಾಯಿತೆಂದು ಕೇಳುವವರಿಗೆ ಅಂಕಿಗಳೂ ಇವೆ. ದದರಾ, ಪಚರಿಯಾ, ಸಿಂಗಿಮಾರಿ ಎಂಬ ಮೂರು ಹಳ್ಳಿಗಳಲ್ಲಿ ಒಂದು ಕಾಲಕ್ಕೆ 28 ಇದ್ದ ಗೂಡುಗಳು 2022ರ ವೇಳೆಗೆ 250ನ್ನು ಮೀರಿದವು. ಲೋಕದಲ್ಲೇ ಹರ್ಗಿಲಾಗಳ ಅತ್ಯಂತ ದೊಡ್ಡ ಸಂತಾನತಾಣವೆಂದು ಅದು ಹೆಸರಾಯಿತು. ‘ಹರ್ಗಿಲಾ ಸೇನೆ’ ಎಂದು ಹೆಸರಾದ ಹೆಂಗಸರ ಬಳಗ ಆ ಹೊತ್ತಿಗೆ 10,000ವನ್ನು ದಾಟಿತ್ತು. ಗೂಡುಕಟ್ಟಲು ಮುಂದೆ ಮರಗಳು ಬೇಕಲ್ಲವೆ? ಸುಮಾರು 45,000 ಸಸಿಗಳನ್ನು ಅವರು ನೆಟ್ಟಿದ್ದರು. ವಿಶ್ವಸಂಸ್ಥೆ ಅದೇ ವರ್ಷ ಪೂರ್ಣಿಮಾ ಅವರಿಗೆ ‘ಭೂಮಿಯ ವೀರರು’ ಪ್ರಶಸ್ತಿಯನ್ನು ನೀಡಿತು. 2023ರಲ್ಲಿ ಜಾಗತಿಕ ಪಟ್ಟಿಯಲ್ಲಿ ಈ ಹಕ್ಕಿಯನ್ನು ಅಳಿವಿನಂಚಿನ ವರ್ಗದಿಂದ ತೆಗೆದು, ಅಷ್ಟು ಭಯವಿಲ್ಲದ ವರ್ಗಕ್ಕೆ ಸೇರಿಸಿದರು.

ಕನ್ನಡನಾಡಿನ ಕೇಳುಗರಿಗೆ ಈ ಕಥೆ ಪರಕೀಯವೆನಿಸಬೇಕಾಗಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನಮ್ಮದೇ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿ ಊರ ನಡುವಣ ಹುಣಿಸೆಮರಗಳ ಮೇಲೆ ಗೂಡು ಕಟ್ಟುತ್ತವೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಅದನ್ನು ಹೊರಲೋಕದ ಗಮನಕ್ಕೆ ತರುವುದಕ್ಕೆ ಎಷ್ಟೋ ಮೊದಲಿನಿಂದ ಊರಿನವರು ಹುಣಿಸೆಯ ಫಸಲನ್ನು ಬಿಟ್ಟುಕೊಟ್ಟು ಹಕ್ಕಿಗಳನ್ನು ಇರಗೊಟ್ಟಿದ್ದರು. ಹಕ್ಕಿಗಳು ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳೆಂಬುದು ಅಲ್ಲಿಯ ಜನರ ನಂಬಿಕೆ. ತವರಿಗೆ ಬಂದ ಮಗಳ ಮೇಲೆ ಯಾರು ಕಲ್ಲೆಸೆಯುತ್ತಾರೆ? 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಸರಕಾರದ ಘೋಷಣೆ ಬಂದದ್ದು ಹೀಗೆ, ತವರು ಎಂಬ ಮಾತು ಊರಿನಲ್ಲಿ ಬೇರೂರಿದ ಬಹುಕಾಲದ ಮೇಲೆ.

ತವರು ಎಂಬ ಈ ಭಾವ ಬೇರೆ ಕಡೆಯೂ ಕೆಲಸ ಮಾಡಿದೆ. 1974ರ ಮಾರ್ಚಿನಲ್ಲಿ ಗಢವಾಲದ ರೇಣಿ ಗ್ರಾಮದಲ್ಲಿ ಗಂಡಸರು ಊರಲ್ಲಿಲ್ಲದ ಹೊತ್ತು ನೋಡಿ ಮರ ಕಡಿಯುವವರು ಬಂದಾಗ ಗೌರಾದೇವಿಯೂ ಆಕೆಯ ಸಂಗಾತಿಯರೂ ಅವರನ್ನು ತಡೆದು ನಿಂತರಷ್ಟೆ. ಆ ಕಾಡನ್ನು ಅವರು ಕರೆದದ್ದು ತವರುಮನೆಯೆಂದೇ. ಹುಲಿಕಲ್ ಕುದೂರುಗಳ ನಡುವಣ ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ತಮ್ಮ ಪತಿಯೊಡನೆ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಆಲದ ಮರಗಳನ್ನು ಮಕ್ಕಳೆಂದೇ ಕರೆದರು. 2025ರ ನವೆಂಬರಿನಲ್ಲಿ ಆಕೆ ತೀರಿಕೊಂಡಾಗ ನಾಡೆಲ್ಲ ತಾಯಿಯನ್ನು ಕಳೆದುಕೊಂಡಂತೆ ನೊಂದದ್ದು ನಿಮಗೆ ನೆನಪಿದೆ. ಕನ್ನಡದ ಗರತಿಯರ ಹಾಡುಗಳಲ್ಲಿ ತವರಿನಷ್ಟು ಹಾಡಿಸಿಕೊಂಡ ವಸ್ತು ಇನ್ನೊಂದಿರಲಾರದು. ಬಿಟ್ಟುಬಂದ ಮನೆಯ ಮಮತೆಯನ್ನು ತಿಳಿದವರು ಅವರು. ನೆಲೆ ತಪ್ಪುವುದೆಂದರೇನೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ಈ ಮಮತೆಯ ಮಿತಿಯನ್ನೂ ಹೇಳಬೇಕು. 2017ರ ಕೊನೆಯಿಂದ ಕೆಲವು ತಿಂಗಳ ಕಾಲ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಜಂತುಹುಳುವಿನ ಬಾಧೆಯಿಂದ ಒಂದರ ಹಿಂದೊಂದು ಸತ್ತವು. ಊರಿನವರ ಪ್ರೀತಿ ಕಡಿಮೆಯಾಗಿರಲಿಲ್ಲ. ಆದರೆ ಅವು ಮೀನು ಹಿಡಿಯುವ ಕೆರೆಗಳು ಊರಿನವರ ಕೈಯಲ್ಲಿರಲಿಲ್ಲ. ಗುವಾಹಾಟಿಯ ಬಳಿಯ ದೀಪೋರ್ ಬೀಲ್ ಎಂಬ ಪ್ರಸಿದ್ಧ ಜಲಾಶಯದ ಮಗ್ಗುಲಲ್ಲೇ ನಗರ ತನ್ನ ಕಸವನ್ನು ವರ್ಷಗಟ್ಟಲೆ ಸುರಿಯಿತು. ಹರ್ಗಿಲಾಗಳು ಆ ರಾಶಿಯ ಮೇಲೆ, ಚಿಂದಿ ಆಯುವ ಬಡವರ ಪಕ್ಕದಲ್ಲೇ, ಪ್ಲಾಸ್ಟಿಕ್ಕಿನ ನಡುವೆ ಆಹಾರ ಹುಡುಕಿದವು. ಹಳ್ಳಿಯ ಹೆಣ್ಣುಮಗಳು ಗೂಡನ್ನು ಕಾಪಾಡಬಲ್ಲಳು. ನಗರದ ಕೊಳೆಯನ್ನು ಅವಳು ತಡೆಯಬಲ್ಲಳೆ? ತಾಯಂದಿರು ನೋಡಿಕೊಳ್ಳುತ್ತಾರೆ ಎಂದು ಹೇಳಿ ನಾವು ಕೈತೊಳೆದುಕೊಳ್ಳುವುದು, ಮನೆಯ ಎಲ್ಲ ಗೇಯ್ಮೆಯನ್ನೂ ಅವರ ಮೇಲೆ ಹೊರಿಸಿದ ಹಳೆಯ ಚಾಳಿಯ ಹೊಸ ರೂಪವಾಗುತ್ತದೆ.

ಕನ್ನಡದಲ್ಲಿ ‘ಕಾಯು’ ಎಂಬ ಧಾತುವಿಗೆ ಎರಡು ಅರ್ಥ. ಹೊಲ ಕಾಯುತ್ತೇವೆ, ಊರ ಬಾಗಿಲು ಕಾಯುತ್ತೇವೆ: ಇದು ರಕ್ಷಿಸುವುದು. ಮಗಳ ಬರವನ್ನೂ ಕಾಯುತ್ತೇವೆ: ಇದು ಎದುರುನೋಡುವುದು. ಕಾಯಿದೆ ಮೊದಲನೆಯ ಅರ್ಥದಲ್ಲಿ ಕಾಯಬಲ್ಲದು. ಕೋಲು ಹಿಡಿದು, ದಂಡ ವಿಧಿಸಿ. ಅದು ಬೇಡವೆಂದು ನಾನು ಹೇಳಲಾರೆ. ಆದರೆ ಹಿತ್ತಿಲ ಮರದಲ್ಲಿ ಈ ವರ್ಷ ಹಕ್ಕಿ ಇನ್ನೂ ಬರಲಿಲ್ಲವಲ್ಲ ಎಂದು ತಲೆಯೆತ್ತಿ ನೋಡುವ ಕಾಯುವಿಕೆ ಯಾವ ಕಾಯಿದೆಗೂ ಬಾರದು. ದದರಾ ಗ್ರಾಮದ ಹೆಂಗಸರು ಎರಡು ಅರ್ಥಗಳನ್ನೂ ಒಂದು ಮಾಡಿದರು. ಎದುರುನೋಡುವವರಾದ್ದರಿಂದಲೇ ಅವರು ರಕ್ಷಿಸುವವರೂ ಆದರು.

ನಾವು ಪಟ್ಟಣವಾಸಿಗಳು. ನಮ್ಮ ಬೀದಿಯ ಮಳೆಮರದ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಕೆಳಗೆ ನಿಲ್ಲಿಸಿದ ಕಾರಿನ ಮೇಲೆ ಹಿಕ್ಕೆ ಬೀಳುತ್ತದೆ. ಕೊಂಬೆ ಕಡಿಸಿರೆಂದು ನಗರಸಭೆಗೆ ಅರ್ಜಿ ಹೋಗುತ್ತದೆ. ಗೂಡಿನಲ್ಲಿ ಮರಿಗಳಿರುವ ತಿಂಗಳಲ್ಲೇ ಗರಗಸ ಬರುವುದೂ ಉಂಟು. ಅಂಗಳದಲ್ಲಿ ಕೊಳೆತ ಎಲುಬುಗಳನ್ನು ಗುಡಿಸಿದವರು ಹಕ್ಕಿಗೆ ಸೀಮಂತ ಮಾಡಿದರು. ನಮ್ಮಿಂದ ಅಷ್ಟು ಆಗದಿರಬಹುದು. ಮರಿಗಳು ಹಾರಿಹೋಗುವ ತನಕ ಕಾರನ್ನು ಹತ್ತು ಮಾರು ಆಚೆ ನಿಲ್ಲಿಸಿ, ಅರ್ಜಿಯನ್ನು ಮೂರು ತಿಂಗಳು ತಡಮಾಡುವಷ್ಟಾದರೂ ನಮ್ಮಿಂದ ಆದೀತು.